ಒಂದೇ ಹೆಸರಿನ ಎರಡು ಪ್ರೋಗ್ರಾಂ

ಗಾಜುವಾಕ, ವಿಶಾಖಪಟ್ಟಣ
ಜೂನ್ ೧೬, ಭಾನುವಾರ

ಪ್ರೀತಿಯ ತಮ್ಮ ಶ್ರೀವತ್ಸನಿಗೆ,

ಮುರಿದ ಭುಜ ಹೇಗಿದೆ? ಪಟ್ಟಿ ಸಡಿಲವಾಗಿದ್ದರೆ ಮಾವನಿಗೆ ಹೇಳು, ಹಲ್ಲು ಕಚ್ಚಿಕೊಂಡು ಕೂರಬೇಡ. ವಿಜಯವಾಡದ ಸೆಕೆಯಲ್ಲಿ, ಅದೂ ಒನ್ ಟೌನಿನ ಮೆಣಸಿನಕಾಯಿ ಮಂಡಿಯ ಮಹಡಿಯಲ್ಲಿ, ಸೀನಿದಾಗೆಲ್ಲ ಎಷ್ಟು ನೋಯುತ್ತದೋ. ನಿನ್ನ ಫೋನನ್ನು ಪರವಾಡದ ಫ್ಯಾಕ್ಟರಿ ಗೇಟಿನಲ್ಲೇ ಜಜ್ಜಿದರಲ್ಲ, ಅದಕ್ಕೇ ಈ ಕಾಗದವನ್ನು ನಿನ್ನ ಭಾವನ ಕೈಲಿ ಕಳಿಸುತ್ತಿದ್ದೇನೆ.

ನೀನು ಹೋದ ಮರುದಿನವೇ ನಿನ್ನ ಜೊತೆಗಾರ ಫಣಿಯ ಅಣ್ಣ ಕಾಮೇಶ್ವರ ನಮ್ಮ ಮನೆಗೆ ನುಗ್ಗಿದ. ಗೇಟಿನಲ್ಲಿ ನಿನ್ನ ಭುಜ ಮುರಿದ ಅದೇ ಪೈಪು ಕೈಯಲ್ಲಿತ್ತು. ಕಿಟಕಿ, ಟೀವಿ, ಮೀನಿನ ತೊಟ್ಟಿ ಎಲ್ಲ ಒಡೆದ. ಅಡ್ಡ ಬಂದ ನಿನ್ನ ಭಾವನ ಹೊಟ್ಟೆಗೆ ಒದ್ದ. ನನ್ನ ಜಡೆ ಹಿಡಿದು ಗೋಡೆಗೆ ಬಡಿಯುತ್ತಾ, “ವಾಡೆಕ್ಕಡ? ನಾ ತಮ್ಮುಣ್ಣಿ ಚಂಪೇಶಾಡು!” ಎಂದು ಕಿರುಚಿದ, ತನ್ನ ತಮ್ಮನನ್ನು ಕೊಂದ ನೀನು ಎಲ್ಲಿ ಎಂದು. ಸುಮ್ಮನಿರುವವಳೇ ನಾನು? ಕುಕ್ಕರಿನ ಮುಚ್ಚಳ ಕೈಗೆ ಸಿಕ್ಕಿತು, ಅವನ ಹಣೆಗೆ ಎರಡು ಸಲ ಬಾರಿಸಿದೆ. ಒಂಬತ್ತು ಹೊಲಿಗೆಯಂತೆ. ಸುಳ್ಳೇಕೆ, ಆಗ ನನಗೆ ಸಂತೋಷವೇ ಆಯಿತು. ರಿಯಾಕ್ಟರಿನ ಮುಚ್ಚಳ ಹಾರಿ ಫಣಿ ಬೆಂದು ಸತ್ತದ್ದು, ಅವನ ಅಂಗಿ ಬಿಡಿಸಲು ಹೋದ ನಿನ್ನ ಕೈಗೆ ಚರ್ಮವೇ ಬಂದದ್ದು, ಅದೇನು ನೀನು ಬೇಕೆಂದು ಮಾಡಿದ್ದೇ? ಆದರೆ ಮ್ಯಾನೇಜರು ನೀನು ಅಲಾರಂ ಆರಿಸಿ ಮಲಗಿದ್ದೆ ಎಂದು ಊರೆಲ್ಲ ಸಾರಿದ್ದಾನೆ. ನೀನೋ “ಅಲಾರಂ ಕೂಗ್ಲೇ ಇಲ್ಲ ಕಣಕ್ಕ” ಎಂದು ಅಳುತ್ತಲೇ ಬಸ್ಸು ಹತ್ತಿದೆ.

ನೀನು ಹೇಳಿದ್ದು ನಿಜ. ನಿನ್ನೆ ವಿಚಾರಣೆಯ ಅಧಿಕಾರಿ ಕಂಟ್ರೋಲ್ ರೂಮಿನ ಆ ಹಳೇ ಕಂಪ್ಯೂಟರನ್ನು ನನ್ನಿಂದಲೇ ಹಚ್ಚಿಸಿದರು. ಅದನ್ನು ನೋಡಿಕೊಳ್ಳುವವಳು ನಾನೊಬ್ಬಳೇ ತಾನೆ, ಎಲ್ಲರೂ ಅದನ್ನು ನನ್ನ ಅತ್ತೆ ಎಂದು ರೇಗಿಸುವುದು ನಿನಗೆ ಗೊತ್ತೇ ಇದೆ. ಅದರಲ್ಲಿ ಹುಡುಕುವ ಪುಟ್ಟ ಪ್ರೋಗ್ರಾಂ ಒಂದಿದೆ. ಹೆಸರು ಕೊಟ್ಟರೆ ಸಾಕು, ಎಲ್ಲ ಡೈರೆಕ್ಟರಿಗಳನ್ನೂ ಜಾಲಾಡಿ ಆ ಹೆಸರಿನವು ಎಲ್ಲೆಲ್ಲಿವೆ ಎಂದು ತೋರಿಸುತ್ತದೆ. ರಿಯಾಕ್ಟರಿನ ಬಿಸಿ ಕಾಯುವ ಪ್ರೋಗ್ರಾಮಿನ ಹೆಸರು ಕೊಟ್ಟೆ. ಒಂದಲ್ಲ, ಎರಡು ಬಂದವು. ಹೊಸದು ತೊಂಬತ್ತು ಡಿಗ್ರಿಗೆ ಕೂಗುವುದು. ಇನ್ನೊಂದು ಹಳೆಯದು, ನೂರ ಮೂವತ್ತು ದಾಟುವವರೆಗೆ ತುಟಿ ಬಿಚ್ಚುವುದಿಲ್ಲ. ಅಂಥ ಯಂತ್ರ ಮೊದಲು ಸಿಕ್ಕ ಡೈರೆಕ್ಟರಿಯಲ್ಲಿದ್ದುದನ್ನೇ ಓಡಿಸುತ್ತದೆ, ಎರಡಿವೆ ಎಂದು ಹೇಳುವುದೂ ಇಲ್ಲ. ಸೋಮವಾರ ನೀನು ಎಂದಿನ ಹೆಸರನ್ನೇ ಒತ್ತಿದೆ, ಓಡಿದ್ದು ಹಳೆಯದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಾವನಿಗೆ ನನ್ನ ನಮಸ್ಕಾರ. ದೇವರು ನಿನ್ನನ್ನು ಕಾಯಲಿ, ಕಂದಾ.

ನಿನ್ನ
ಉಷಕ್ಕ

ತಾ.ಕ.: ಭಾವ ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾರೆ. ಆ ಹಳೇ ಪ್ರೋಗ್ರಾಂ ಅಲ್ಲಿಗೆ ಹಾಕಿದವಳು ನಾನು. ದುರಂತದ ಹಿಂದಿನ ಶನಿವಾರ ನೀನು ರಜೆಯಲ್ಲಿದ್ದಾಗ ಏನೋ ಪರೀಕ್ಷಿಸಲು ಹಳೇ ಫ್ಲಾಪಿಯಿಂದ ಹಾಕಿ, ಅಳಿಸಲು ಮರೆತೆ. “ಶ್ರೀವತ್ಸನೇ ಹಾಕಿರಬೇಕು” ಎಂದು ಅಧಿಕಾರಿ ಬರೆದುಕೊಳ್ಳುವಾಗ ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಥೂ ನನ್ನ ಜನ್ಮಕ್ಕೆ. ಕಾಮೇಶ್ವರ ಹೊಡೆಯಬೇಕಿದ್ದದ್ದು ನನ್ನನ್ನು, ನಾನು ಅವನ ಹಣೆಯನ್ನೇ ಒಡೆದೆ. ಪೊಲೀಸರಿಗೆ ಆಮೇಲೆ ಹೇಳುತ್ತೇನೆ, ಮೊದಲು ಅವನಿಗೆ. ಭಾವನಿಗೆ ಇದಾವುದೂ ಗೊತ್ತಿಲ್ಲ, ತಿಳಿದರೆ ನನ್ನನ್ನು ಹೋಗಲು ಬಿಡರು. ನೀನೇ ಅವರಿಗೆ ಹೇಳು. ನೀನಿದನ್ನು ಓದುವ ಹೊತ್ತಿಗೆ ನಾನು ಕಾಮೇಶ್ವರನ ಮನೆಯೊಳಗಿರುತ್ತೇನೆ.