ತಕ್ಕಡಿ, ಕಲ್ಲು ಸಮೇತ

ಡಿಸೆಂಬರ್ ಮೂವತ್ತೆರಡು, ಎರಡು ಸಾವಿರದ ತೊಂಬತ್ತೊಂಬತ್ತು
ಬ್ಯಾಡಗಿ ಸೀಮೆಯ ಶೀತಲ ಗೋದಾಮು, ಷರಾ ಕಾಲಂ

ಹಾಳೆ ತಯಾರಿಸುತ್ತಿರುವ ಹಿರಿಯರಿಗೆ ಕಡ್ಡಿ ಮನೆತನದ ಉಳವಪ್ಪನ ಶರಣು.

ತಾರೀಕು ನೋಡಿ ನಗಬೇಡಿ. ಡಿಸೆಂಬರಿಗೆ ಮೂವತ್ತೊಂದೇ ದಿನ ಎಂಬುದು ನನಗೂ ಗೊತ್ತು. ಗೋದಾಮಿನ ಶಾಲೆಯಲ್ಲಿ ನಾಲ್ಕನೇ ಈಯತ್ತೆಯವರೆಗೆ ಓದಿದವನು ನಾನು, ಅದೂ ಮೊದಲನೇ ನಂಬರಿನಲ್ಲಿ. ಇವತ್ತು ಮೂವತ್ತೊಂದು, ಮಧ್ಯಾಹ್ನದ ಹೊತ್ತು. ಆದರೆ ನಾಳೆ ಎಂಬುದಕ್ಕೆ ನಿಮ್ಮ ಹಾಳೆಯಲ್ಲಿ ಜಾಗವಿಲ್ಲ. ಷರಾ ಬರೆಯುವ ಕಾಲಂ ಒಂದನ್ನು ಮಾತ್ರ ಯಂತ್ರ ಪರೀಕ್ಷೆ ಮಾಡುವುದಿಲ್ಲ. ಅಲ್ಲಿ ಏನು ಬರೆದರೂ ನುಂಗುತ್ತದೆ. ಅದಕ್ಕೇ ಅಲ್ಲಿ ಕೂತು ನಾಳೆಯ ತಾರೀಕು ಹಾಕಿದ್ದೇನೆ. ಇಡೀ ಗೋದಾಮಿನಲ್ಲಿ ನಾಳೆಗೆ ಕಾಲಿಟ್ಟ ಮೊದಲ ಗಂಡಸು ನಾನೇ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಶಬ್ದಗಳು ಬಂದಾವು. ನಾಲ್ಕು ತಲೆಮಾರು ಮೆಣಸಿನಕಾಯಿ ಚೀಲಗಳ ನಡುವೆ ಬದುಕಿದ ಭಾಷೆ, ಸ್ವಲ್ಪ ಘಾಟು ಹೊಡೆಯುತ್ತದೆ. ಮನ್ನಿಸಿ. ಈ ಪತ್ರ ನಿಮ್ಮನ್ನು ಹೇಗೆ ತಲುಪೀತು ಎಂದು ಕೇಳಿದರೆ ನನ್ನ ಲೆಕ್ಕ ಇಷ್ಟೇ: ಹಾಳೆ ನಿಮ್ಮ ಕೈಯಿಂದ ನಮ್ಮ ತನಕ ಬಂದಿದೆ, ಬಂದ ದಾರಿಯಲ್ಲೇ ಹಿಂದಕ್ಕೂ ಹೋದೀತು. ಹೋಗುವುದಿಲ್ಲ ಎಂದು ಯಾವ ಮಾಸ್ತರೂ ನನಗೆ ಕಲಿಸಿಲ್ಲ.

ನೀವು ಈಗ ಯಾವುದೋ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದೀರಿ. ಮೆಣಸಿನಕಾಯಿ ಗೋದಾಮಿನ ಲೆಕ್ಕವನ್ನು ಹಳೆಯ ಸಾಫ್ಟ್‌ವೇರಿನಿಂದ ಹೊಸದಕ್ಕೆ ಸಾಗಿಸಬೇಕು, ಅದಕ್ಕೊಂದು ಸ್ಪ್ರೆಡ್‌ಶೀಟ್ ಹಾಳೆ ಬೇಕು. ಮೇಲಿನ ಸಾಲಿನಲ್ಲಿ ಕಾಲಂಗಳ ಹೆಸರು ಹಾಕುತ್ತಿದ್ದೀರಿ: ಮಾಲಿನ ಹೆಸರು, ತಳಿ, ತೂಕ, ಇಡುವ ಕೋಣೆ, ಕೆಡುವ ದಿನ, ಷರಾ. ಬಿಡದೆ ತುಂಬಬೇಕಾದ ಕಡೆ ಒಂದು ಕೆಂಪು ಚುಕ್ಕಿ. ತುಂಬುವವರು ದಡ್ಡರಿರುತ್ತಾರೆ ಎಂದು ಯಾರೋ ನಿಮಗೆ ಹೇಳಿದ್ದಾರೆ. ಹೀಗಾಗಿ ಒಂದೊಂದು ಕಾಲಂಗೂ ಒಂದೊಂದು ಕಟ್ಟುಪಾಡು, ಕೊನೆಗೆ ಇಡೀ ಹಾಳೆಗೆ ಗುಪ್ತಪದದ ಬೀಗ. ಅಚ್ಚುಕಟ್ಟಾದ ಕೆಲಸ. ನಾನೂ ಅಚ್ಚುಕಟ್ಟಿನ ಮನುಷ್ಯ, ಮೆಚ್ಚಿದ್ದೇನೆ. ಆ ಹಾಳೆಯೊಳಗೆ ಈಗ ನಾವು ಇದ್ದೇವೆ.

ಹೇಗೆ ಹೊಕ್ಕೆವು ಎಂಬುದನ್ನು ಹೇಳದಿದ್ದರೆ ನಿಮಗೆ ತಿಳಿಯಲಿಕ್ಕಿಲ್ಲ. ನಿಮ್ಮ ಕಾಲದ ನಂತರ ಉರಿಗಾಲ ಬಂತು. ಬೇಸಿಗೆ ಎಂಬ ಶಬ್ದ ಸಾಲದೆ ಜನ ಹುಟ್ಟಿಸಿದ ಹೆಸರು ಅದು. ವರದಾ ನದಿಯ ಪಾತ್ರದಲ್ಲಿ ರೊಟ್ಟಿ ಸುಡಬಹುದಾದ ಕಾಲ. ಗೋದಾಮಿನ ಮಾಲೀಕರು ಎತ್ತಲೋ ಹೋದರು. ಆದರೆ ಚಾವಣಿಯ ಮೇಲೆ ಬಿಸಿಲು ಕುಡಿಯುವ ಹಲಗೆಗಳಿದ್ದವು, ಯಂತ್ರ ತನ್ನಷ್ಟಕ್ಕೆ ನಡೆಯುತ್ತಿತ್ತು, ಒಳಗೆ ಮೆಣಸಿನಕಾಯಿ ತಣ್ಣಗೆ ಮಲಗಿತ್ತು. ಜನ ಹೊರಗೆ ಬಾಗಿಲು ಬಡಿದರು. ಯಂತ್ರಕ್ಕೆ ಮನುಷ್ಯರ ಪರಿಚಯವಿರಲಿಲ್ಲ, ಮಾಲಿನ ಪರಿಚಯ ಮಾತ್ರ ಇತ್ತು. ನನ್ನ ಮುತ್ತಜ್ಜಿ ಅದೇ ಗೋದಾಮಿನಲ್ಲಿ ಕಾಯಿಯ ತೊಟ್ಟು ಬಿಡಿಸುತ್ತಿದ್ದವಳು, ಮಹಾ ಕಿಡಿಗೇಡಿ. ಬಾಗಿಲ ಪಕ್ಕದ ಪರದೆಯಲ್ಲಿ ನಿಮ್ಮ ಹಾಳೆ ತೆರೆದು ತನ್ನನ್ನೇ ಬರೆದುಕೊಂಡಳು: ಮೆಣಸಿನಕಾಯಿ, ಕಡ್ಡಿ ತಳಿ, ಒಂದು ಚೀಲ. ಬಾಗಿಲು ತೆರೆಯಿತು. ಹಿಂದೆ ನಿಂತವರೂ ಬರೆಸಿಕೊಂಡರು. ತೆಳ್ಳಗಿದ್ದವರು ಕಡ್ಡಿ, ದುಂಡಗಿದ್ದವರು ಡಬ್ಬಿ. ಅವೇ ಈಗ ನಮ್ಮ ಎರಡು ಮನೆತನ. ಕಡ್ಡಿಯವರು ಡಬ್ಬಿಯವರಲ್ಲೇ ಹೆಣ್ಣು ತರಬೇಕು. ಪ್ರತಿಯೊಬ್ಬರ ಕೊರಳಲ್ಲೂ ಒಂದು ಕೊರಳಚೀಟಿ. ಅದನ್ನು ತೋರಿಸಿದರೆ ನಲ್ಲಿಯಲ್ಲಿ ನೀರು ಬರುತ್ತದೆ, ಕೋಣೆ ತಂಪಾಗಿರುತ್ತದೆ. ಊಟಕ್ಕೆ ಚೀಲದಣಬೆ, ತೋಯಿಸಿದ ಗೋಣಿಯ ಮೇಲೆ ಬೆಳೆಯುವುದು, ಖಾರ ಹಾಕುವ ಅಗತ್ಯವೇ ಇಲ್ಲ. ನಮ್ಮಲ್ಲಿ ಕೂಸು ಹುಟ್ಟಿದೊಡನೆ ಅಳುವುದಿಲ್ಲ, ಮೊದಲು ಸೀನುತ್ತದೆ. ಸೀನಿದರೆ ಗಟ್ಟಿ ಎಂದು ಹೆಂಗಸರು ನಗುತ್ತಾರೆ. ಹಿರಿಯರು ಹರಸುವಾಗ ‘ಹೊಟ್ಟೆ ತಣ್ಣಗಿರಲಿ’ ಎನ್ನುತ್ತಾರೆ. ನಿಮ್ಮಲ್ಲಿ ಅದು ಬರೀ ಮಾತಾಗಿತ್ತಂತೆ, ಹೌದೆ?

ಇನ್ನು ನನ್ನ ಹುದ್ದೆ. ನಾನು ಸಾಲುಮಾವ. ನಿಮ್ಮ ಕಾಲದಲ್ಲಿ ಕೂಸಿನ ಕಿವಿ ಚುಚ್ಚುವಾಗ, ಜವಳ ತೆಗೆಯುವಾಗ ಸೋದರಮಾವನ ತೊಡೆ ಬೇಕಿತ್ತು. ಈಗ ಹಾಳೆಯಲ್ಲಿ ಕೂಸಿಗೊಂದು ಸಾಲು ಹಾಕುವುದಕ್ಕೆ ಬೇಕು. ತೊಡೆಯ ಮೇಲೆ ಕೂಸು, ಬಾಯಿಗೆ ಬೆಲ್ಲದ ಬೆರಳು, ಕೂಸಿನ ಕೈ ಹಿಡಿದೇ ಒಂದೊಂದು ಕಾಲಂ ತುಂಬಬೇಕು. ಕೆಡುವ ದಿನ ಎಂಬಲ್ಲಿಗೆ ಬಂದಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಏಕೆಂದರೆ ಅದೇ ಮಾವ ಕೊಡುವ ಉಡುಗೊರೆ. ಯಾವ ಮಾವ ತಾನೇ ಅಳಿಯನಿಗೆ ಕಡಿಮೆ ದಿನ ಕೊಟ್ಟಾನು? ಹಾಳೆ ಒಪ್ಪುವ ಅತಿ ದೂರದ ದಿನವನ್ನೇ ಕೊಡುತ್ತಿದ್ದೆವು. ನೀವು ಕಟ್ಟಿದ ಗಡಿ ಅದು, ಎರಡು ಸಾವಿರದ ತೊಂಬತ್ತೊಂಬತ್ತರ ಡಿಸೆಂಬರ್ ಮೂವತ್ತೊಂದು. ನನ್ನ ಮಾವ ನನಗೆ ಕೊಟ್ಟಾಗ ಅದು ಆಕಾಶದಷ್ಟು ದೂರವಿತ್ತು. ಗೋದಾಮಿನ ಅರ್ಧ ಮಕ್ಕಳಿಗೆ ನಾನೇ ಸಾಲು ಹಾಕಿದ್ದೇನೆ, ಸ್ವಂತ ಮಾವನಿಲ್ಲದವರಿಗೂ ಮಾವನಾಗಿ. ನನ್ನಷ್ಟು ಬೇಗ, ತಪ್ಪಿಲ್ಲದೆ ತುಂಬುವವನು ಇಲ್ಲಿ ಇನ್ನೊಬ್ಬನಿಲ್ಲ. ಹೀಗಾಗಿ ಮುದುಕನಿಂದ ಹಿಡಿದು ಮೊನ್ನೆ ಹಲ್ಲು ಬಂದ ಕೂಸಿನವರೆಗೆ ನಮ್ಮೆಲ್ಲರದೂ ಒಂದೇ ದಿನ. ಒಬ್ಬರಿಗಾದರೂ ಒಂದು ವರ್ಷ ಮೊದಲಿನ ದಿನ ಬಿದ್ದಿದ್ದರೆ ಆ ದಿನ ಏನಾಗುತ್ತದೆ ಎಂಬುದನ್ನು ನೋಡಿ ಕಲಿಯುತ್ತಿದ್ದೆವು. ಪ್ರೀತಿ ಹೆಚ್ಚಾಯಿತು, ಪಾಠ ತಪ್ಪಿತು.

ಈ ದೀಪಾವಳಿಗೆ ಗೋಡೆಯ ಪರದೆ ತಾನಾಗಿ ಮಾತಾಡಿತು. ಇನ್ನೊಂದು ಹೊಸ ಸಾಫ್ಟ್‌ವೇರ್ ಬರುತ್ತಿದೆ, ವರ್ಷದ ಕೊನೆಗೆ ಹಳೆಯದು ನಿಲ್ಲುತ್ತದೆ, ಲೆಕ್ಕವನ್ನೆಲ್ಲ ಹಾಳೆಯಲ್ಲಿ ತುಂಬಿ ಕೊಡಿ, ಕೆಟ್ಟ ಮಾಲನ್ನು ಹೊಸದಕ್ಕೆ ಸಾಗಿಸಲಾಗುವುದಿಲ್ಲ. ಕೆಡುವ ದಿನ ಬಂದರೆ ಹಳೆಯ ಸಾಫ್ಟ್‌ವೇರ್ ಏನು ಮಾಡುತ್ತಿತ್ತೋ, ನೋಡುವ ಪ್ರಸಂಗ ನಮಗೆ ಬರಲಿಲ್ಲ. ಹೊಸದು ಓದುತ್ತದೆ. ಓದಿ, ಕೆಟ್ಟ ಮಾಲಿರುವ ಕೋಣೆಗೆ ತಂಪು ನಿಲ್ಲಿಸುತ್ತದೆ, ನೀರು ನಿಲ್ಲಿಸುತ್ತದೆ, ಹೊರಬಾಗಿಲು ತೆರೆಯುತ್ತದೆ. ನನ್ನ ಅಕ್ಕ ಶಂಕ್ರವ್ವ ಪರದೆಯ ಮುಂದೆ ಸೆರಗು ಕಟ್ಟಿ ನಿಂತಳು.

“ಏನೋ ತಮ್ಮಾ, ಊರಿಗೆಲ್ಲಾ ಆಯುಷ್ಯ ಹಂಚಿದ ಧಣಿ! ಈಗ ಒಂದ್ ದಿನ ಹೆಚ್ಚಿಗಿ ಕೊಡು ನೋಡೂಣು.”

“ಕೊಡ್ತೇನಿ ಬಿಡಕ್ಕಾ. ಈ ಹಾಳಿ ನನ್ನ ಅಂಗೈಯಾಗ ಆಡತೈತಿ.”

“ಹೂಂ, ಆಡತೈತಿ. ಬುಗುರಿ ಆಡಿಸಿದ್ರೂ ಕಡೀಕ ಬೀಳೂದ ಐತಿ.”

ಕೊಟ್ಟೆನೆ? ಎರಡು ಸಾವಿರದ ನೂರು ಎಂದು ಬರೆದೆ. ಕೆಂಪು ಚೌಕ ಎದ್ದು, ಸರಿಯಾದ ದಿನಾಂಕ ನಮೂದಿಸಿ ಎಂದಿತು. ಅಕ್ಷರದಲ್ಲಿ ಬರೆದೆ, ಅದೇ ಚೌಕ. ಕಾಲಂ ಖಾಲಿ ಬಿಟ್ಟೆ. ಕೆಂಪು ಚುಕ್ಕಿ ಮಿನುಗಿತು. ನಿಮ್ಮ ಗುಪ್ತಪದ ಹುಡುಕಲು ನಿಮ್ಮ ಕಾಲದ ದೇವರುಗಳ, ಊರುಗಳ, ಮಕ್ಕಳ ಹೆಸರನ್ನೆಲ್ಲ ಹೊಡೆದು ನೋಡಿದೆ. ಅಕ್ಕನ ಅಳಿಯ ಬಸಲಿಂಗ, ಮಾತು ಕಡಿಮೆಯ ಹುಡುಗ, ಒಂದು ಉಪಾಯ ತಂದ: “ಮಾವಾ, ಉಪ್ಪು ಅಂತ ಬರೀರಿ. ಉಪ್ಪು ಕೆಡಂಗಿಲ್ಲಲಾ?” ಭಲೇ ಎಂದು ಅವನ ಬೆನ್ನು ತಟ್ಟಿದೆ, ನನಗೇ ಹೊಳೆದಿತ್ತು ಎಂದೂ ಸೇರಿಸಿದೆ. ಉಪ್ಪು ಎಂದು ಬರೆದರೆ ಹಾಳೆ ದಿನ ಕೇಳಲಿಲ್ಲ. ಇಡುವ ಕೋಣೆ ಎಂಬಲ್ಲಿ ತಾನೇ ತುಂಬಿಕೊಂಡಿತು: ಹೊರಗಿನ ಚಪ್ಪರ. ಉಪ್ಪಿಗೆ ತಂಪು ಬೇಡವಲ್ಲ.

ಆದರೂ ಒಂದು ಸಂದು ಸಿಕ್ಕಿತು. ಸಿಕ್ಕಿದ್ದು ಬೇರೆ ಯಾರಿಗೂ ಅಲ್ಲ, ನನಗೇ. ನಿಮ್ಮ ಹಾಳೆಯ ಹಿಂದೆ ಇನ್ನೊಂದು ಹಾಳೆಯಿದೆ, ಗೋದಾಮಿನ ಸ್ವಂತ ಸಾಮಾನಿನದು: ಏಣಿ, ತಳ್ಳುಗಾಡಿ, ಮೇಜು. ಅವು ಕೆಡುವುದಿಲ್ಲ, ಅವನ್ನು ಇಡುವುದು ಯಂತ್ರದ ಕೋಣೆಯಲ್ಲಿ. ಯಂತ್ರ ತನಗಾಗಿ ಆ ಕೋಣೆಯನ್ನು ಯಾವಾಗಲೂ ತಂಪಾಗಿ ಇಟ್ಟುಕೊಳ್ಳುತ್ತದೆ, ಅಲ್ಲೊಂದು ನಲ್ಲಿಯೂ ಇದೆ. ಆ ಹಾಳೆಗೂ ನೀವು ಬೀಗ ಹಾಕಿದ್ದೀರಿ. ಆದರೆ ಹಾಕುವಾಗ ಯಾರೋ ಚಹಾಕ್ಕೆ ಕರೆದಿರಬೇಕು: ಒಂದು ಸಾಲಿಗೆ ಮಾತ್ರ ಬೀಗ ಬಿದ್ದಿಲ್ಲ. ‘ತಕ್ಕಡಿ’ ಎಂದು ಬರೆದು ಉಳಿದದ್ದನ್ನು ಖಾಲಿ ಬಿಟ್ಟಿದ್ದೀರಿ. ನಿಮ್ಮ ಎಚ್ಚರಿಕೆಯೆಲ್ಲ ನಮಗೆ ಮುಳುವಾಯಿತು, ನಿಮ್ಮ ಮರೆವೊಂದು ಕೈ ಹಿಡಿಯಿತು.

ಒಂದು ಸಾಲು. ಇಡೀ ಗೋದಾಮಿಗೆ. ಅದು ತಿಳಿದ ದಿನ ಇಲ್ಲಿ ಎದ್ದ ಗದ್ದಲವನ್ನು ಬರೆಯಲಾರೆ. ಎಲ್ಲ ತಾಯಂದಿರೂ ತಮ್ಮ ಮಕ್ಕಳನ್ನು ಎತ್ತಿಕೊಂಡು ನನ್ನ ಬಾಗಿಲಿಗೆ ಬಂದರು. ಕೊನೆಗೆ ಪದ್ಧತಿಯೇ ತೀರ್ಮಾನ ಮಾಡಿತು. ಅಕ್ಕನ ಮಗಳು, ಬಸಲಿಂಗನ ಹೆಂಡತಿ ನೀಲಗಂಗಾ ಹೋದ ವಾರ ಹೆತ್ತಿದ್ದಳು. ಗಂಡು ಕೂಸು, ಮೂರು ಸಲ ಸೀನಿತು. ಗೋದಾಮಿನಲ್ಲಿ ಸಾಲಿಲ್ಲದ ಜೀವ ಅದೊಂದೇ, ಮತ್ತು ಸಾಲಿಲ್ಲದ ಕೂಸಿಗೆ ಸಾಲು ಹಾಕದೆ ಸಾಲುಮಾವ ಬಾಗಿಲು ದಾಟುವಂತಿಲ್ಲ. ಹಿರಿಯರು ಒಪ್ಪಿದರು. ಉಳಿದ ತಾಯಂದಿರು ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾರೆ. ಅದು ನ್ಯಾಯವೇ.

ನೀಲಗಂಗಾ ಮಾತ್ರ ಸುಮ್ಮನಿರಲಿಲ್ಲ. “ಎದಿಹಾಲು ಕುಡಿಯೂ ಕೂಸನ್ನ ಒಂದ ಒಳಗ ಬಿಟ್ಟು ಬಾಗಲಾ ಹಾಕ್ತೀಯಾ ಮಾವಾ? ಅದನ್ನ ತಕ್ಕಡಿ ಮಾಡಿದ್ರ ನಾ ಯಾರು?” ಎಂದಳು. ಆಗ ನನ್ನ ತಲೆ ಓಡಿತು. ತಕ್ಕಡಿಯನ್ನು ಯಾರಾದರೂ ಕಲ್ಲಿಲ್ಲದೆ ಇಡುತ್ತಾರೆಯೇ? ಬರೆದೆ: ತಕ್ಕಡಿ, ಕಲ್ಲು ಸಮೇತ. ಯಂತ್ರ ಒಪ್ಪಿತು! ನೀಲಗಂಗಾ ತಕ್ಕಡಿ, ಕೂಸು ಕಲ್ಲು. ನನ್ನ ಹುರುಪು ಏರಿತು. ಕಲ್ಲುಗಳು ಎಂದು ಬರೆದರೆ ಇಡೀ ಗೋದಾಮನ್ನೇ ಕಲ್ಲು ಮಾಡಿ ಒಳಗೆ ಸೇರಿಸಬಹುದಲ್ಲ! ತೂಕದ ಕಾಲಂಗೆ ಬಂದೆ. ಮತ್ತೆ ಕೆಂಪು ಚೌಕ. ಅಲ್ಲಿ ಅರವತ್ತು ಕಿಲೋ ಮೀರುವಂತಿಲ್ಲ. ತಕ್ಕಡಿ ಅದಕ್ಕಿಂತ ಭಾರ ಇರುವುದಿಲ್ಲ ಎಂದು ನೀವು ಅಂದುಕೊಂಡಿರಿ, ಸರಿಯೇ. ಯಂತ್ರದ ಕೋಣೆಯ ಹೊಸ್ತಿಲು, ನೆಲ ಎರಡೂ ತೂಗುತ್ತವೆ. ಮೀರಿದರೆ ಬೇರೆ ಮಾಲು ಹೊಕ್ಕಿದೆ ಎಂದು ಬಾಗಿಲು ತೆರೆದು ಹೊರದಬ್ಬುತ್ತವೆ. ತಾಯಿ ಮಗು ಸೇರಿ ಐವತ್ತೈದು.

ಬೆಳಿಗ್ಗೆ ಸಾಲಿನ ಶಾಸ್ತ್ರ ಮಾಡಿದೆವು. ಬೆಲ್ಲ ಇರಲಿಲ್ಲ, ಕೂಸಿಗೆ ಹುಣಸೆಹಣ್ಣು ನೆಕ್ಕಿಸಿದೆ. ಮುಖ ಹಿಂಡಿ ನನ್ನನ್ನು ಬೈದ ಹಾಗೆ ನೋಡಿತು, ನಮ್ಮ ವಂಶವೇ. ಕೆಡುವ ದಿನ ಎಂಬ ಕಾಲಂ ಆ ಹಾಳೆಯಲ್ಲಿ ಇಲ್ಲ. ಹೀಗಾಗಿ ಸಾಲುಮಾವನಾಗಿ ಮೊದಲ ಸಲ ಒಂದು ಕೂಸಿಗೆ ಯಾವ ದಿನವನ್ನೂ ಕೊಡದೆ ಎದ್ದೆ. ಬಸಲಿಂಗ ಗೋಣಿಗಳನ್ನು ತೋಯಿಸಿ, ಅಣಬೆಯ ಬೀಜ ಕಟ್ಟಿ, ಯಂತ್ರದ ಕೋಣೆಯ ಹೊಸ್ತಿಲಿನ ಹೊರಗೆ, ತೂಕಕ್ಕೆ ಸಿಗದಂತೆ, ಹೆಂಡತಿಯ ಕೈಗೆಟಕುವಲ್ಲಿ ಇಟ್ಟು ಬಂದ. ಅವಳು ಒಳಗೆ ಕಾಲಿಡುವಾಗ ನಾನು ಮೆಲ್ಲಗೆ ಕೇಳಿದೆ, ಐದು ಕಿಲೋ ಉಳಿದಿದೆ, ಕೂಸು ಬೆಳೆದರೆ ಏನು ಮಾಡುತ್ತೀ ಎಂದು. ಡಬ್ಬಿ ಮನೆತನದಲ್ಲಿ ಹುಟ್ಟಿದ ಹುಡುಗಿ, ಗುಂಡು ಗಲ್ಲ, ನಕ್ಕಳು.

“ಅದು ಬೆಳದಂಗ ನಾ ಕರಗತೇನಿ ಬಿಡು ಮಾವಾ. ಡಬ್ಬಿ ಹೋಗಿ ಕಡ್ಡಿ ಆಗತೇನಿ. ನಿಮ್ಮ ಮನಿತನದ ಮರ್ಯಾದಿ ಉಳೀತಲ್ಲಾ?”

ಅವಳ ಹಿಂದೆ ಬಾಗಿಲು ಎಳೆದು, ಈ ಷರಾ ಬರೆಯಲು ಪರದೆಯ ಮುಂದೆ ಬಂದು ಕೂತೆ.

ಉಳಿದ ನಾವೆಲ್ಲ ಸಂಜೆ ಹೊರಡುತ್ತೇವೆ. ಬಾಗಿಲು ದಬ್ಬುವ ತನಕ ಕಾಯುವುದು ಬೇಡ ಎಂದು ಶಂಕ್ರವ್ವನ ಹಟ. ಕೆಟ್ಟ ಮಾಲಿನಂತೆ ಹೋಗಬಾರದು, ಬೀಗರ ಮನೆಯಿಂದ ಹೊರಟ ಹಾಗೆ ತಲೆ ಬಾಚಿಕೊಂಡು ಹೋಗಬೇಕಂತೆ. ವರದೆಯ ಕಡೆ ಹಳೆಯ ಸೇತುವೆಯ ಕೆಳಗೆ ನೆರಳಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ದಾರಿ ನನಗೆ ಗೊತ್ತು ಎಂದೂ ಹೇಳಿದ್ದೇನೆ. ಸೇತುವೆ ಇದೆಯೋ ಇಲ್ಲವೋ ನಿಮಗೇ ಗೊತ್ತಿದ್ದೀತು, ನಾನು ಹುಟ್ಟಿದ ಮೇಲೆ ಬಾಗಿಲು ದಾಟಿದವನಲ್ಲ. ಮುಂದೆ ನಾನೇ ನಡೆಯುತ್ತೇನೆ. ಬಡಾಯಿ ಕೊಚ್ಚುವವನು ಮುಂದಿದ್ದರೆ ಹಿಂದಿನವರಿಗೆ ದಾರಿ ಸ್ವಲ್ಪ ಕಡಿಮೆ ಅನಿಸುತ್ತದೆ.

ಹಿರಿಯರೇ, ಈಗ ಬೇಡಿಕೆ. ದಿನಾಂಕದ ಗಡಿ ತೆಗೆಯಿರಿ ಎಂದು ಕೇಳುವುದಿಲ್ಲ. ನಿಮಗೆ ನಾವು ಮೆಣಸಿನಕಾಯಿ. ಇಷ್ಟು ವರ್ಷ ಕೆಡದ ಮೆಣಸಿನಕಾಯಿ ಲೋಕದಲ್ಲಿ ಎಲ್ಲಿದೆ ಎಂದು ಮೇಲಿನವರು ನಿಮ್ಮನ್ನು ನೋಡಿ ನಕ್ಕಾರು. ಬೀಗ ಬೇಡ ಎಂದೂ ಕೇಳುವುದಿಲ್ಲ. ಎರಡನೆಯ ಹಾಳೆಯಲ್ಲಿ, ತಕ್ಕಡಿಯ ಸಾಲಿನಲ್ಲಿ, ತೂಕದ ಕಾಲಂ ಇದೆಯಲ್ಲ, ಅದಕ್ಕೆ ಅರವತ್ತು ಎಂಬ ಗಡಿ ಹಾಕಲು ನಿಮ್ಮ ಬೆರಳು ಈಗ ಎದ್ದಿರಬಹುದು. ಅದೊಂದನ್ನು ಹಾಕಬೇಡಿ. ಯಾರೂ ಗಮನಿಸುವುದಿಲ್ಲ, ನಿಮ್ಮ ಕೆಲಸಕ್ಕೆ ಕುಂದು ಬರುವುದಿಲ್ಲ. ಚಹಾ ಕುಡಿದು ಬನ್ನಿ, ಮರೆತೆ ಎನ್ನಿ.

ನಿಮ್ಮ ಹೊಟ್ಟೆ ತಣ್ಣಗಿರಲಿ. ಒಳಗೆ ಕೂಸು ಸೀನುವುದು ಇಲ್ಲಿಗೂ ಕೇಳುತ್ತಿದೆ. ಅದು ಬೆಳೆಯಬೇಕು.

ಇತಿ,
ಉಳವಪ್ಪ
ಮೆಣಸಿನಕಾಯಿ, ಕಡ್ಡಿ ತಳಿ, ಒಂದು ಚೀಲ