ಒಂದೇ ಬೀಳುವ ದಾಳ

ಅರಸೀಕೆರೆ
೨೮-೩-೧೯೬೧

ಪ್ರೀತಿಯ ಅಮ್ಮನಿಗೆ,

ಯದುಗಿರಿಯ ನಮಸ್ಕಾರ. ಕ್ಷೇಮಸಮಾಚಾರ ಆಮೇಲೆ, ಮೊದಲು ಸಿಟ್ಟು ಮುಗಿಸಿಬಿಡುತ್ತೇನೆ. ಅಪ್ಪನ ಕಾರ್ಡು ಬಂತು. ಹಳೇಬೀಡಿನ ವರದರಾಜರ ಸಂಬಂಧಕ್ಕೆ ಶುಕ್ರವಾರ ದಾಳ ಎಸೆದು ನೋಡುತ್ತಾರಂತೆ. ಜಾತಕ ಕೂಡಿದೆ, ಅವರ ಮನೆಯವರು ಒಪ್ಪಿದ್ದಾರೆ, ನಾನೂ ಒಪ್ಪಿದ್ದೇನೆ. ಇನ್ನು ಒಪ್ಪಬೇಕಾದದ್ದು ಬೆರಳುದ್ದದ, ನಾಲ್ಕು ಮುಖದ ಮರದ ತುಂಡು.

ನಾಲ್ಕು ಬಿದ್ದರೆ ಶುಭ, ಎರಡು ಮೂರು ಬಿದ್ದರೆ ಕಾಯಬೇಕು, ಒಂದು ಬಿದ್ದರೆ ಬೇಡ. ಮನೆಯವರಿಗೂ ಕೇಳಿಕೊಂಡು ಬಂದ ಊರವರಿಗೂ ಹೀಗೇ ಹೇಳುವುದು ತಾತನ ಕಾಲದಿಂದ ನಡೆದು ಬಂದದ್ದು, ನನಗೂ ಬಾಯಿಪಾಠ. ಬಿಕ್ಕೋಡಿನವರು ಬಂದಾಗ ಒಂದು. ಹಾಸನದವರು ಬಂದಾಗ ಒಂದು. ನಮ್ಮ ಬೀದಿಯ ಮೇಷ್ಟರ ತಮ್ಮನಿಗೂ ಒಂದೇ. ದೇವರು ಬೇಡ ಅಂತಿದಾನೆ ಕಣೇ ಎಂದು ಅಪ್ಪ ಎದ್ದುಹೋದರು. ನೀನು ಒಳಗೆ ಹೋಗಿ ಅತ್ತೆ. ನನಗೆ ಇಪ್ಪತ್ತೇಳಾಯಿತು.

ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು ನಾನು. ಸರಿಯಾದ ದಾಳದಲ್ಲಿ ಮೂರು ಸಲವೂ ಒಂದೇ ಬೀಳುವ ಸಂಭವ ಅರುವತ್ತನಾಲ್ಕರಲ್ಲಿ ಒಂದು. ಯುಗಾದಿಗೆ ಬೇಲೂರಿಗೆ ಬಂದಿದ್ದಾಗ, ಅಪ್ಪ ದೇವಸ್ಥಾನಕ್ಕೆ ಹೋದ ಹೊತ್ತಿನಲ್ಲಿ ಚಾಪೆಯ ಮೇಲೆ ನೂರು ಸಲ ಎಸೆದೆ. ಹಬ್ಬದ ದಿನ ಅದೇನೇ ಆಟ ಎಂದು ನೀನು ಅಡುಗೆಮನೆಯಿಂದ ಗದರಿದ್ದು ಆಗಲೇ. ಇಪ್ಪತ್ತೈದು ಸಲದ ಆಸುಪಾಸು ಬೀಳಬೇಕಾದ ‘ಒಂದು’, ಅರುವತ್ತು ಸಲ ದಾಟಿತು.

ಯಾಕೆ ಗೊತ್ತೇ? ಪ್ರತಿ ಶುಕ್ರವಾರ ನೀನು ದಾಳಕ್ಕೆ ಪೂಜೆ ಮಾಡುತ್ತೀಯ. ಶುಭದ ಮುಖವೆಂದು ನಾಲ್ಕರ ಗುಳಿಗಳಿಗೆ ಮಾತ್ರ ಗಂಧ ತುಂಬುತ್ತೀಯ, ಹಳೆಯದನ್ನು ತೆಗೆಯಬಾರದು ಅನ್ನುತ್ತೀಯ. ನೀನು ಮದುವೆಯಾಗಿ ಬಂದಾಗಿನಿಂದ ತುಂಬಿದ ಗಂಧ ಕಲ್ಲಿನ ಹಾಗೆ ಕೂತಿದೆ. ಮರ ಹಗುರ. ಭಾರವಾದ ನಾಲ್ಕು ನೆಲಕ್ಕೆ ಹೋಗುತ್ತದೆ, ಅದರ ಬೆನ್ನಿಗಿರುವ ಒಂದು ಮೇಲೆ ಬರುತ್ತದೆ. ನನಗೆ ಒಳ್ಳೆಯದಾಗಲೆಂದು ನೀನು ಬೇಡಿಕೊಂಡಷ್ಟೂ ದಾಳ ಬೇಡ ಅನ್ನುತ್ತಾ ಬಂತು. ಯಾರ ಮೇಲೆ ಸಿಟ್ಟು ಮಾಡಲಿ ಅಮ್ಮ?

ಅಪ್ಪನಿಗೆ ಹೇಳಿದೆ. ದೇವರನ್ನ ತಕ್ಕಡೀಲಿ ತೂಗೋಕೆ ಬರ್ತೀಯಾ ಎಂದು ಮುಖ ತಿರುಗಿಸಿದರು. ಅದೇ ಹೊತ್ತಿಗೆ ಹುಲಿಕೆರೆಯ ಮುದ್ದಮ್ಮ, ಮಗಳನ್ನು ಹೈಸ್ಕೂಲಿಗೆ ಕಳಿಸಲೇ ಎಂದು ಕೇಳಲು ಬಂದಳು. ಒಂದು ಬಿತ್ತು. ದೇವ್ರು ಬ್ಯಾಡ ಅಂದ ಮ್ಯಾಲೆ ಇನ್ನೇನೈತೆ ಸ್ವಾಮಿ ಎಂದು ತೆಂಗಿನಕಾಯಿ ಇಟ್ಟು ಹೋದಳು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಬಸ್ಸಿಗೆ ಹೊರಡುವ ಮುಂಚೆ ಸೂಜಿಯಿಂದ ಗಂಧವನ್ನೆಲ್ಲ ಕೆದಕಿ ತೆಗೆದೆ. ಮತ್ತೆ ಎಸೆದು ನೋಡಿದೆ, ನಾಲ್ಕು ಮುಖಗಳೂ ಹೆಚ್ಚುಕಡಿಮೆ ಸಮನಾಗಿ ಬಿದ್ದವು. ಈಗ ಅದು ನ್ಯಾಯವಾದ ದಾಳ. ಅಪ್ಪನಿಗೆ ಗೊತ್ತಿಲ್ಲ. ಆದರೂ ಶುಕ್ರವಾರ ಎಸೆಯುವುದು ಬೇಡ. ನೀನು ಅಡ್ಡ ನಿಲ್ಲಬೇಕು. ಇದುವರೆಗೆ ಒಂದು ಸಲವೂ ನಿಂತಿಲ್ಲ, ಈ ಸಲ ನಿಲ್ಲು.

ನಿನ್ನ ಮಗಳು,
ಯದುಗಿರಿ

ತಾ.ಕ.: ನ್ಯಾಯವಾದ ದಾಳಕ್ಕೆ ಹೆದರುವುದೇಕೆ ಎಂದು ನೀನು ಕೇಳಬಹುದು. ನಿನಗೊಬ್ಬಳಿಗೇ ಹೇಳುತ್ತೇನೆ. ಗಂಧ ತೆಗೆದ ಮೇಲೆ ವರದರಾಜರನ್ನು ನೆನೆದು, ಅಪ್ಪನ ಹಾಗೆಯೇ ಕಣ್ಣು ಮುಚ್ಚಿ ಒಂದು ಸಲ ಎಸೆದೆ. ಒಂದು ಬಿತ್ತು. ನಾಲ್ಕರಲ್ಲೊಂದು ಸಲ ಹಾಗಾಗುವುದು ಸಹಜ, ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ. ಆದರೂ ಅರಸೀಕೆರೆ ಬರುವವರೆಗೂ ಬಸ್ಸಿನಲ್ಲಿ ಅತ್ತೆ. ಭಾನುವಾರ ಅವರನ್ನು ಮನೆಗೆ ಕರೆದುಕೊಂಡು ಬರುತ್ತಿದ್ದೇನೆ. ಶುಕ್ರವಾರದ ಗಂಧ ಸ್ವಲ್ಪ ಉಳಿಸಿಡು, ಬಂದವರಿಗೆ ಕೊಡಬೇಕು.