ಕುಂಟುತ್ತ ಬಂದವಳು

ಕಾಡುಗೋಡಿ,
ಭಾನುವಾರ

ಕೋಚ್ ಸಿದ್ದರಾಜು ಅವರಿಗೆ ಶಶಿಕಲಾಳ ನಮಸ್ಕಾರ.

ಮೆಟ್ರೋ ನಿಲ್ದಾಣದ ಎದುರು ನಿಮ್ಮ ಅಕಾಡೆಮಿಯ ಬ್ಯಾನರಿನಲ್ಲಿ ನನ್ನ ಫೋಟೋ ಹಾಕಿಸಿದ್ದೀರಿ. ದಯವಿಟ್ಟು ತೆಗೆಸಿ.

ಒಲಿಂಪಿಕ್ಸ್‌ಗೆ ಹೊರಡುವ ವಾರ ನನ್ನ ತೊಡೆಯ ಸ್ನಾಯು ಹರಿದಿತ್ತು. ಸ್ಕ್ಯಾನ್ ನೋಡಿದ ಮೇಲೂ ನೀವು, "ಏನಿಲ್ಲ ಕಣಮ್ಮ, ಸ್ವಲ್ಪ ಹಿಡ್ಕೊಂಡಿದೆ, ಓಡು" ಅಂದಿರಿ. ಇನ್ನೂರು ಮೀಟರ್ ಓಟದ ತಿರುವಿನಲ್ಲೇ ಬಿದ್ದೆ. ಮರುದಿನ ಪತ್ರಿಕೆಯವರ ಮುಂದೆ, "ಹುಡುಗಿ ಹೆದರ್ಕೊಂಡ್ಬಿಟ್ಲು" ಅಂದವರೂ ನೀವೇ. ಆಮೇಲೆ ನಾನು ಓಡಲೇ ಇಲ್ಲ. ಗುರುಗಳೆಂದು ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅದು ನನ್ನ ತಪ್ಪು.

ಮೊನ್ನೆ ನಿಮ್ಮ ಹೊಸ ಓಟಗಾರ್ತಿ ಜ್ಯೋತಿಲಕ್ಷ್ಮಿ ಕುಂಟುತ್ತ ನಮ್ಮ ಮನೆಗೆ ಬಂದಳು. "ಸಾರ್ ಏನಿಲ್ಲ ಅಂದ್ರು ಅಕ್ಕ, ಸೋಮವಾರ ಸೆಲೆಕ್ಷನ್ ಇದೆ" ಅಂದಳು. ನಾನೇ ಆಸ್ಪತ್ರೆಗೆ ಕರೆದೊಯ್ದೆ. ಮೂರು ತಿಂಗಳು ಓಡಕೂಡದೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಅದರ ನಕಲು ಇದರ ಜೊತೆಗಿದೆ. ಇನ್ನೊಂದನ್ನು ನನ್ನ ಹಳೆಯ ಸ್ಕ್ಯಾನಿನೊಂದಿಗೆ ನಿನ್ನೆ ಆಯ್ಕೆ ಸಮಿತಿಗೆ ಕೊಟ್ಟು ಬಂದೆ.

ಕಾಲು ವಾಸಿಯಾಗುವವರೆಗೆ ಅವಳು ನಮ್ಮ ಮನೆಯಲ್ಲಿರುತ್ತಾಳೆ. ಅವಳ ತಾಯಿಯೂ ಒಪ್ಪಿದ್ದಾರೆ. ಅವಳನ್ನು ಕರೆಯಲು ಬರಬೇಡಿ. ಬಂದರೆ ಬಾಗಿಲು ತೆರೆಯುವವಳು ನಾನು.

ಇತಿ,
ಶಶಿಕಲಾ